ಬಾಕಿರನ ಸಿಮೆಂಟು ಗೋರಿ

ಕ್ಯಾಪ್ಟನ್ನನ ಗದ್ದದ ಮೇಲೆ ಒಂದು ಚೂರು ಕಾಗದ ಅಂಟಿಕೊಂಡಿದೆ, ಬೆಳಗ್ಗೆ ಗಡ್ಡ ಹೆರೆದುಕೊಳ್ಳುವಾಗ ಕುಯ್ದುಕೊಂಡಿರಬೇಕು, ನಡುವೆ ಒಂದು ಕೆಂಪು ಚುಕ್ಕೆ, ಅವನು ಮಾತಾಡಿದಾಗಲೆಲ್ಲ ಅದು ಅಲ್ಲಾಡುತ್ತದೆ, ನಾನು ಅವನ ಮಾತು ಕೇಳುತ್ತಿಲ್ಲ, ಅದು ಯಾವಾಗ ಉದುರುತ್ತದೆ ಎಂದು ನೋಡುತ್ತಿದ್ದೇನೆ — ತಾಯೀ, ದಯವಿಟ್ಟು ದಾರಿ ಬಿಡಿ, ನಾವು ಗೋರಿಗೆ ಅವಮಾನ ಮಾಡೋಕೆ ಬಂದಿಲ್ಲ — ತಾಯಿಯಂತೆ, ಉತ್ತರದ ಬೆಟ್ಟದ ಕಡೆಯವನು, ರಾಗದಲ್ಲೇ ಗೊತ್ತಾಗುತ್ತದೆ, ಅಲ್ಲಿಯವರು ಮಾತನ್ನು ಎಳೆದೆಳೆದು ಆಡುತ್ತಾರೆ, ಇವನ ತಾಯಿ ಈ ಹೊತ್ತಿಗೆ ಅಲ್ಲೆಲ್ಲೋ ಸೇಬಿನ ಮುರಬ್ಬಕ್ಕೆ ಒಲೆ ಹಚ್ಚಿರಬಹುದು, ಮಗ ದಕ್ಷಿಣಕ್ಕೆ ಹೋಗಿ ಸತ್ತವರನ್ನು ಅಗೆಯುತ್ತಿದ್ದಾನೆ ಎಂದು ಅವಳಿಗೆ ಗೊತ್ತಿದೆಯೋ ಇಲ್ಲವೋ. ಹಾಜಿ ನಯೀಮ್ ನನ್ನನ್ನು ಎಲ್ಲ ಹೆಂಗಸರಿಗಿಂತ ಮುಂದೆ, ಖಬರಸ್ತಾನದ ಗೇಟಿಗೆ ಬೆನ್ನು ಕೊಟ್ಟು ನಿಲ್ಲಿಸಿದ್ದಾನೆ, ಬಾಕಿರನ ಫೋಟೋ ಎದೆಗೆ ಒತ್ಕೊಂಡು ನಿಲ್ಲಕ್ಕ, ಹುತಾತ್ಮನ ತಾಯಿ ಮೈ ಮುಟ್ಟೋ ಧೈರ್ಯ ಯಾವ ಸೈನಿಕನಿಗೂ ಇಲ್ಲ, ಎಂದು ಹೇಳಿ ತಾನು ಹೋಗಿ ಗೋಡೆಯ ನೆರಳಲ್ಲಿ ನಿಂತಿದ್ದಾನೆ, ಸಿಗರೇಟು ಹಚ್ಚಿದ್ದಾನೆ. ಅವನು ನಮ್ಮೂರು ಐನ್ ಸರ್ವದ ಹುಡುಗರಿಗೆ ದೊಡ್ಡವನು, ಹುಡುಗರು ಎಂದರೆ ಬಂದೂಕಿನ ಹುಡುಗರು, ತಲೆ ನರೆತವರೂ ನಮ್ಮೂರಲ್ಲಿ ಹುಡುಗರೇ, ಮೊದಲೆಲ್ಲ ಅವನು ಕೆಮ್ಮಿದರೆ ಊರೇ ಎದ್ದು ನಿಲ್ಲುತ್ತಿತ್ತು, ಕಳೆದ ಚಳಿಗಾಲದ ಯುದ್ಧ ಅವನ ಮೇಲಿನವರನ್ನೆಲ್ಲ ನುಂಗಿ ಹಾಕಿದ ಮೇಲೆ ಈಗ ಬೈರೂತಿನ ಸರ್ಕಾರಕ್ಕೆ ನಾಲಗೆ ಬಂದಿದೆ, ದೇಶದಲ್ಲಿ ಬಂದೂಕು ಇದ್ದರೆ ಸೇನೆಯ ಕೈಯಲ್ಲಿ ಮಾತ್ರ ಎಂದು ರೇಡಿಯೋದಲ್ಲಿ ದಿನಾ ಓದುತ್ತಾರೆ, ಸೇನೆ ಊರೂರಿಗೆ ಬಂದು ಕಣಿವೆಯ ಗುಹೆ, ಎಣ್ಣೆಗಾಣದ ನೆಲಮಾಳಿಗೆ ಎಲ್ಲ ತೆಗೆಸಿ ಆಯುಧವನ್ನೆಲ್ಲ ಲಾರಿಗೆ ತುಂಬಿಕೊಂಡು ಹೋಯಿತು, ನಾನು ಬೇಡ ಅನ್ನಲಿಲ್ಲ, ಯಾರೂ ಅನ್ನಲಿಲ್ಲ, ಬಾಂಬು ಬಿದ್ದ ಮನೆಗೆ ಗೋಡೆ ಕಟ್ಟಿಕೊಳ್ಳುತ್ತಿರುವವರಿಗೆ ಯಾರ ಬಂದೂಕು ಯಾರ ಹತ್ತಿರ ಇದ್ದರೇನು — ಆದರೆ ಗೋರಿ? ಹುತಾತ್ಮರ ಸಾಲಿನಲ್ಲಿ ಒಂದು ಗೋರಿಯೊಳಗೆ ಆಯುಧ ಇಟ್ಟಿದಾರೆ ಅಂತ ನಮಗೆ ಖಚಿತ ಸುದ್ದಿ ಇದೆ ತಾಯೀ, ಕ್ಯಾಪ್ಟನ್ ಹೇಳುತ್ತಾನೆ, ಗದ್ದದ ಕಾಗದ ಅಲ್ಲಾಡುತ್ತದೆ, ಯಾವ ಗೋರಿಯೋ ಅದು, ಹೇಳೋ ನೋಡೋಣ, ನಾನು ಕೇಳುತ್ತೇನೆ, ಅವನು ಫೋಟೋ ನೋಡುತ್ತಾನೆ, ನನ್ನ ಮುಖ ನೋಡುವುದಿಲ್ಲ, ಬಾಕಿರ್, ಅನ್ನುತ್ತಾನೆ.

ಹಿಂದಿನಿಂದ ಹೆಂಗಸರು ಕೂಗು ಎಬ್ಬಿಸಿದ್ದಾರೆ, ಯುದ್ಧ ಆದಾಗ ಎಲ್ಲಿಗೋಗಿದ್ರೋ, ಹೆಂಡ್ತೀರ ಮಗ್ಗುಲಲ್ಲಿ ಬೆಚ್ಚಗೆ ಮಲಗಿದ್ರಾ, ಶತ್ರು ಟ್ಯಾಂಕು ಬಂದಾಗ ಒಂದು ಗುಂಡು ಹಾರಿಸ್ಲಿಲ್ಲ, ಸತ್ತೋರ ಮೇಲೆ ಪೌರುಷಾನಾ ನಿಮ್ದು — ಯಾರೋ ನಗುತ್ತಾರೆ, ಸಾಲಿನ ತುದಿಯ ಒಬ್ಬ ಸೈನಿಕನಿಗೂ ನಗು ಬಂದು ತುಟಿ ಕಚ್ಚಿಕೊಳ್ಳುತ್ತಾನೆ — ನನಗೆ ನಗು ಬರುವುದಿಲ್ಲ, ನನ್ನ ಕಿವಿಯಲ್ಲಿ ಒಂದೇ ಹೆಸರು, ಬಾಕಿರನ ಗೋರಿಯಂತೆ, ಇಡೀ ಸಾಲಿನಲ್ಲಿ ಸಿಮೆಂಟಿನ ಗೋರಿ ಅದೊಂದೇ, ಉಳಿದವೆಲ್ಲ ಮಣ್ಣು, ನೀರು ಸೇರ್ಬಾರ್ದು ಅಕ್ಕ, ನಿನ್ನ ಮಗ ಅಂಥ ಕೆಲಸ ಮಾಡಿದಾನೆ, ಅದಕ್ಕೇ ಒಳಗೂ ಗೋಡೆ ಕಟ್ಟಿಸಿದೀವಿ ಎಂದು ಹಾಜಿ ನಯೀಮ್ ಹೇಳಿದಾಗ ನನ್ನ ಎದೆ ಎಷ್ಟು ಉಬ್ಬಿತ್ತು, ಪಕ್ಕದಲ್ಲಿ ಸಮೀಹಾ ನಿಂತಿದ್ದಳು, ಅವಳ ಜವಾದನೂ ನನ್ನ ಬಾಕಿರನೂ ಒಂದೇ ವಾರ ಗಡಿಯಾಚೆ ಸಿರಿಯಾದಲ್ಲಿ ಸತ್ತವರು, ಪಕ್ಕಪಕ್ಕದ ಮನೆ, ಪಕ್ಕಪಕ್ಕದ ಗೋರಿ, ಅವಳ ಮಗನಿಗೆ ಬರೀ ಮಣ್ಣು, ನನ್ನ ಮಗನಿಗೆ ಸಿಮೆಂಟು, ಅವಳು ನನ್ನ ಕಡೆ ಒಮ್ಮೆ ನೋಡಿದಳು, ಹೊಟ್ಟೆಕಿಚ್ಚು ಅಂದುಕೊಂಡೆ, ಉರೀಲಿ ಅಂದುಕೊಂಡೆ. ಜವಾದನ ಪೆಟ್ಟಿಗೆ ತೆರೆದಿದ್ದರು, ಅವಳು ಅವನ ಹಣೆಗೆ ಮುತ್ತು ಕೊಟ್ಟಳು, ನಾನೂ ನೋಡಿದೆ, ಮೂಗಿನ ಹತ್ತಿರ ಒಂದಿಷ್ಟು ಹತ್ತಿ, ಅದು ಬಿಟ್ಟರೆ ಮಲಗಿದ ಹಾಗೇ ಇದ್ದ, ನನ್ನದು ಮೊಳೆ ಹೊಡೆದ ಪೆಟ್ಟಿಗೆ, ಮುಚ್ಚಳ ತೆಗೀಬೇಡಕ್ಕ, ಶೆಲ್ಲು ಬಿದ್ದಿದೆ, ನೋಡಿದ್ರೆ ನೀನು ತಡ್ಕೊಳ್ಳಲ್ಲ, ಮುಖ ಇದ್ದ ಹಾಗೇ ನೆನಪಿಟ್ಕೋ, ನಾನು ತೆಗೆಯಲಿಲ್ಲ, ಹೊತ್ತವರ ಮೊಣಕಾಲು ಬಾಗಿದ್ದವು, ಕತ್ತಿನ ನರ ಉಬ್ಬಿದ್ದವು, ನಾನು ಮಹಡಿಯಿಂದ ಅಕ್ಕಿ ಎರಚುತ್ತಾ ನೋಡ್ರೇ, ನನ್ನ ಮಗ ಎಷ್ಟು ಭಾರ ಇದಾನೆ ನೋಡ್ರೇ ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದೆ, ನನ್ನ ಹಾಲಿನ ಭಾರ, ನಾನು ಉಣಿಸಿದ ಗೋಧಿ ನುಚ್ಚಿನ ಭಾರ, ಆಲಿವ್ ಎಣ್ಣೆಯ ಭಾರ ಎಂದು. ಅವನಪ್ಪ ಹೆಗಲು ಕೊಟ್ಟು ಬಂದವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಅಂದ, ಒಳಗೆ ಏನೋ ಠಣ್ ಅಂತು ಕಣೇ. ಸುಮ್ನಿರಿ, ಮಗ ಸತ್ತಿದಾನೆ, ನಿಮಗೆ ಠಣ್ ಅಂತೆ. ಆಮೇಲೆ ಆ ಮನುಷ್ಯ ಖಬರಸ್ತಾನದ ಕಡೆ ತಲೆ ಹಾಕಲಿಲ್ಲ, ನಾನು ಗುರುವಾರ ಗುರುವಾರ ಹೊಗೆಸೊಪ್ಪು ಪೋಣಿಸಿದ ಕೈ ಉಜ್ಜಿ ತೊಳೆದು ಹೊರಡುವಾಗ ಅವನು ಸೊಪ್ಪಿನ ಕೊಟ್ಟಿಗೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತಿರುತ್ತಿದ್ದ, ಎಂಥ ಕಲ್ಲು ಮನಸ್ಸಿನ ಅಪ್ಪ ಎಂದು ಊರೆಲ್ಲ ಹೇಳಿಕೊಂಡು ಬಂದೆ, ಹಾಗೇ ಕೂತು ಕೂತು ಒಂದು ದಿನ ಸತ್ತೂ ಹೋದ, ನಾನು ಮಾತ್ರ ಒಂದು ವಾರ ತಪ್ಪಿಸಲಿಲ್ಲ, ಸಿಮೆಂಟನ್ನು ಪನ್ನೀರಿನಲ್ಲಿ ತೊಳೆದೆ, ತಲೆಯ ಕಡೆ ಕಾಮಕಸ್ತೂರಿ ಇಟ್ಟೆ, ಚಳಿಯಲ್ಲಿ ಕಂಬಳಿ ಹೊದೆಸಿದೆ, ಹೌದು, ಸಿಮೆಂಟಿಗೆ ಕಂಬಳಿ —

ಕಲ್ಲು ನನ್ನ ಕೈಗೆ ಹೇಗೆ ಬಂತೋ, ಹಿಂದಿನವರು ಯಾರೋ ಕೊಟ್ಟರು, ಕ್ಯಾಪ್ಟನ್ ಇನ್ನೊಂದು ಹೆಜ್ಜೆ ಮುಂದಿಟ್ಟ, ಎಸೆದೆ, ಇಷ್ಟು ಹತ್ತಿರದಿಂದ ಗುರಿ ತಪ್ಪುವುದುಂಟೇ, ಹಣೆಗೆ ಬಡಿಯಿತು, ಟೋಪಿ ಬಿತ್ತು, ಗದ್ದದ ಕಾಗದವೂ ಉದುರಿತು, ಒಂದು ಕ್ಷಣ ಎಲ್ಲ ಬಂದೂಕುಗಳೂ ನನ್ನ ಕಡೆ ತಿರುಗಿದವು, ಆಹಾ, ಹೊಡೀರೋ, ಆಗಲೇ ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು, ನಾನು ಏನೂ ತಿಳಿಯದೆ ಹುತಾತ್ಮನ ತಾಯಿಯಾಗಿಯೇ ಮಗನ ಪಕ್ಕ ಮಲಗುತ್ತಿದ್ದೆ, ಆದರೆ ಅವನು ಕೈ ಎತ್ತಿ ಬೇಡ ಎಂದ, ಕಣ್ಣಿಗೆ ಇಳಿಯುತ್ತಿದ್ದ ರಕ್ತವನ್ನು ತೋಳಿನಲ್ಲಿ ಒರೆಸಿಕೊಂಡು ಟೋಪಿ ಎತ್ತಿ ಹಾಕಿಕೊಂಡ, ಚಿಕ್ಕ ವಯಸ್ಸು, ಬಾಕಿರ್ ಇದ್ದಿದ್ದರೆ ಇದೇ ವಯಸ್ಸು. ಗುರಾಣಿ ಹಿಡಿದವರು ಸಾಲಾಗಿ ಬಂದು ಹೆಂಗಸರನ್ನು ಗೋಡೆಗೆ ಒತ್ತಿದರು, ಗೇಟಿನ ಚಿಲಕ ಮುರಿಯಿತು, ನನ್ನನ್ನು ಇಬ್ಬರು ಎರಡೂ ಕಡೆ ಹಿಡಿದರು, ಫೋಟೋದ ಗಾಜು ಒಡೆಯಿತು, ಕ್ಯಾಪ್ಟನ್ ಹತ್ತಿರ ಬಂದ, ನೀವೇ ಬನ್ನಿ ತಾಯೀ, ನಿಮ್ಮ ಕಣ್ಣೆದುರೇ ತೆಗೀತೀವಿ, ಬಾಕಿರ್ ಇದ್ರೆ ನಾನೇ ಸೆಲ್ಯೂಟ್ ಹೊಡೆದು ನನ್ನ ಕೈಯಾರೆ ಮುಚ್ತೀನಿ, ಇಲ್ಲೇ ಎಲ್ಲರೆದುರು ನಿಮ್ಮ ಕಾಲು ಹಿಡೀತೀನಿ. ಹಿಡಿಯುವೆಯಂತೆ ನಡಿ, ನಾನು ಅಂದೆ, ನನ್ನ ಮಗನ ಒಂದು ಕೂದಲು ಅಲುಗಿದ್ರೆ ನಿನ್ನ ತಾಯಿ ಹೊಟ್ಟೆ ಉರೀಲಿ. ಈ ಮಾತನ್ನು ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ನೆರಳಲ್ಲಿದ್ದ ಹಾಜಿ ನಯೀಮ್ ಸಿಗರೇಟು ಕೆಳಗೆ ಹಾಕಿ ಕಾಲಲ್ಲಿ ಹೊಸಕಿದ.

ಸರಪಳಿ ಕಟ್ಟಿದ್ದಾರೆ, ಮಣ್ಣು ಅಗೆಯುವ ಯಂತ್ರ ಎಳೆಯುತ್ತಿದೆ, ಬಾಕಿರನ ಹೆಸರಿರುವ ಚಪ್ಪಡಿ ಒಂದು ಮಗ್ಗುಲಾಗಿ ಏಳುತ್ತಿದೆ, ನಿಧಾನ, ನಿಧಾನ ಕಣಪ್ಪಾ ಎಂದು ನಾನೇ ಕೂಗುತ್ತಿದ್ದೇನೆ, ನನಗೆ ಅವನ ವಾಸನೆ ಬರುತ್ತದೆ ಎಂದು ಕಾಯುತ್ತಿದ್ದೇನೆ, ಎಂಥ ವಾಸನೆಯಾದರೂ ಸರಿ, ತಾಯಿಗೆ ಅದರಲ್ಲಿ ಅಸಹ್ಯವೇನು, ಆದರೆ ಬಂದದ್ದು ಗ್ರೀಸಿನ ವಾಸನೆ, ಗ್ಯಾರೇಜಿನ ವಾಸನೆ, ಟ್ರಾಕ್ಟರ್ ರಿಪೇರಿ ಮಾಡುವವನ ಅಂಗಿಯ ವಾಸನೆ, ಒಳಗೆ ನುಣ್ಣಗೆ ಗಾರೆ ಮಾಡಿದ ಕೋಣೆ, ನನ್ನ ಮನೆಯ ಗೋಡೆಯೂ ಅಷ್ಟು ನುಣ್ಣಗಿಲ್ಲ, ಒಂದರ ಮೇಲೊಂದು ಹಸಿರು ಡಬ್ಬಗಳು, ಉದ್ದದವು, ಗಿಡ್ಡವು, ಮೇಣದ ಬಟ್ಟೆ ಸುತ್ತಿದವು, ಎಲ್ಲದರ ಮೇಲೆ ಮೊಳೆ ಹೊಡೆದ ಆ ಪೆಟ್ಟಿಗೆ, ನನ್ನ ಪೆಟ್ಟಿಗೆ, ಬಾಂಬು ನೋಡುವ ಸೈನಿಕ ಅದನ್ನು ತಟ್ಟಿ, ಕಿವಿಯಿಟ್ಟು, ಮೊಳೆ ಕಿತ್ತ, ಬಂದೂಕುಗಳು, ಎಣ್ಣೆ ಸವರಿ, ಮಕ್ಕಳನ್ನು ಮಲಗಿಸಿದಂತೆ ತಲೆಗೊಂದು ಕಾಲಿಗೊಂದು ಮಲಗಿಸಿದ ಬಂದೂಕುಗಳು, ಯಾವ ಮೂಲೆಯಲ್ಲೂ ಒಂದು ಮೂಳೆಯಿಲ್ಲ, ಅಂಗಿಯ ಒಂದು ಗುಂಡಿಯಿಲ್ಲ, ಒಂದು ಹಲ್ಲಿಲ್ಲ. ಪನ್ನೀರು ಇಳಿದ ಕಲೆ ಮಾತ್ರ ಗೋಡೆಯ ಮೇಲೆ ಉದ್ದಕ್ಕೆ ಇದೆ, ನನ್ನದು, ಎಷ್ಟು ಗುರುವಾರಗಳದ್ದೋ. ಕ್ಯಾಪ್ಟನ್ ನನ್ನ ಕಡೆ ನೋಡಲಿಲ್ಲ, ನೋಡಿ ಗೆದ್ದವನಂತೆ ನಕ್ಕಿದ್ದರೂ ಆಗುತ್ತಿತ್ತು, ಅವನು ಬೆನ್ನು ತಿರುಗಿಸಿ ಲಾರಿ ತನ್ನಿ ಎಂದ. ನಾನು ಹೆಂಗಸರ ಕಡೆ ತಿರುಗಿದೆ, ನೋಡಿದಿರೇನ್ರೇ, ನೋಡಿದಿರೇನ್ರೇ ಎನ್ನಬೇಕೆಂದು ಬಾಯಿ ತೆರೆದೆ — ಯಾರ ಮುಖದಲ್ಲೂ ಆಶ್ಚರ್ಯ ಇರಲಿಲ್ಲ. ಒಬ್ಬಳು ತಲೆವಸ್ತ್ರ ಸರಿಮಾಡಿಕೊಂಡಳು, ಒಬ್ಬಳು ಆಕಾಶ ನೋಡಿದಳು, ಸಮೀಹಾ ತನ್ನ ಚಪ್ಪಲಿ ನೋಡುತ್ತಾ ನಿಂತಿದ್ದಳು, ಆಗ ಗೊತ್ತಾಯಿತು, ಊರಿಗೇ ಗೊತ್ತಿತ್ತು, ಹೊಗೆಸೊಪ್ಪು ಪೋಣಿಸುವಾಗ ನಾನು ಬಾಕಿರನ ಮಾತೆತ್ತಿದರೆ ಇವರೆಲ್ಲ ಒಮ್ಮೆಗೇ ಸುಮ್ಮನಾಗುತ್ತಿದ್ದದ್ದು ಗೌರವಕ್ಕಲ್ಲ.

ನಯೀಮಾ, ನಿಲ್ಲೋ. ಅವನು ಗೋಡೆ ಬದಿಯಿಂದ ಕಾರಿನ ಕಡೆ ಸರಿಯುತ್ತಿದ್ದ, ಸೈನಿಕರ ಕೈ ಕೊಡವಿಕೊಂಡು ಹೋಗಿ ಅವನ ಅಂಗಿ ಹಿಡಿದೆ, ಹಾಜಿ ಅನ್ನದೆ ಬರೀ ಹೆಸರು ಹಿಡಿದು ಕೂಗಿದ್ದು ಇದೇ ಮೊದಲು, ನನ್ನ ಮಗ ಎಲ್ಲೋ. ಮೆತ್ತಗೆ ಮಾತಾಡಕ್ಕ, ಇವರೆದುರು ಬೇಡ. ನನ್ನ ಮಗ ಎಲ್ಲೋ. ಅವನು ಅತ್ತ ಇತ್ತ ನೋಡಿ, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ ಅಂದ, ಅಲ್ಲೇ ಉಳ್ದ ಕಣಕ್ಕ, ಯಾವುದೋ ಹೊಲದಲ್ಲಿ, ಹಿಂದಕ್ಕೆ ಓಡ್ಬೇಕಾದ್ರೆ ಯಾರು ಯಾರನ್ನ ಹೊರ್ತಾರೆ, ಆಮೇಲೆ ಅಲ್ಲಿ ನಾಯಿ ಜಾಸ್ತಿ. ನಾಯಿ ಜಾಸ್ತಿ. ಕೊತ್ತಂಬರಿ ತುಟ್ಟಿಯಾಯಿತು ಎಂಬಂತೆ ಹೇಳಿದ. ನಿಂಗೆ ಗೋರಿ ಬೇಕಿತ್ತು, ನಮಗೆ ಜಾಗ ಬೇಕಿತ್ತು, ಇಬ್ಬರಿಗೂ ಆಯ್ತಲ್ಲ, ನಿಜ ಹೇಳ್ಲಾ, ಈ ಇಡೀ ದಕ್ಷಿಣದಲ್ಲಿ ನಿನ್ನಷ್ಟು ಚೆನ್ನಾಗಿ ಯಾರೂ ಕಾವಲು ಕಾಯ್ಲಿಲ್ಲ ಅಕ್ಕ, ನೀನು ಅಲ್ಲಿ ಕೂತು ಅಳ್ತಿದ್ರೆ ಯಾವ ಬೇಹುಗಾರ ಹತ್ರ ಬರ್ತಾನೆ. ಹೊಗಳಿದ. ನಿಜವಾಗಿ ಹೊಗಳಿದ, ಕಣ್ಣಲ್ಲಿ ಒಂದಿಷ್ಟು ನೀರೂ ಇತ್ತು ಅವನಿಗೆ, ಹೋದ ಆಯುಧಕ್ಕಿರಬೇಕು. ನನ್ನ ಕೈ ಕೆಳಗೆ ಬಿತ್ತು, ಅವನ ಕೆನ್ನೆಗೆ ಹೊಡೆಯಲೂ ಬರಲಿಲ್ಲ, ಇಷ್ಟು ವರ್ಷ ಸಿಮೆಂಟು ಸವರಿದ ಕೈ ಅದು.

ಆಗ ಸಮೀಹಾ ಬಂದಳು. ಬರಬಾರದಿತ್ತು. ಬೈದಿದ್ದರೆ, ನಕ್ಕಿದ್ದರೆ, ಈಗೇನಾಯ್ತೇ ನಿನ್ನ ಸಿಮೆಂಟು ಎಂದಿದ್ದರೆ ನಾನೂ ಒಂದಿಷ್ಟು ಬೈದು ಮನೆಗೆ ಹೋಗುತ್ತಿದ್ದೆ, ಅವಳು ನನ್ನ ಭುಜ ತಬ್ಬಿದಳು, ಮೈಯಿಂದ ಸಾಬೂನಿನ ವಾಸನೆ, ಗೊತ್ತಿತ್ತು ಕಣೇ ಬಾಕಿರನಮ್ಮಾ, ಮೊದಲನೇ ದಿನವೇ ಗೊತ್ತಿತ್ತು, ಹೇಳಿದ್ರೆ ನೀನು ಬದುಕ್ತಿದ್ಯಾ, ಹೇಗೆ ಹೇಳ್ಲಿ, ಅಳ್ಬೇಡ, ಇನ್ಮೇಲೆ ಗುರುವಾರ ನನ್ನ ಜವಾದನ ಹತ್ರ ಬಂದು ಕೂತ್ಕೋ, ನಮ್ಮಿಬ್ಬರಿಗೂ ಅವನೇ ಮಗ ಅಂದ್ಕೊಳೋಣ. ಅಂದುಕೊಳ್ಳೋಣವಂತೆ. ಇಷ್ಟು ವರ್ಷ ನನ್ನ ಸಿಮೆಂಟಿಗೆ ಅವಳು ಉರಿಯುತ್ತಿದ್ದಾಳೆ ಎಂದು ನಾನು ಬೀಗಿದ್ದೆ, ಅವಳು ಉರಿಯುತ್ತಲೇ ಇರಲಿಲ್ಲ, ಕನಿಕರಪಡುತ್ತಿದ್ದಳು, ಪ್ರತಿ ಗುರುವಾರ ನನ್ನ ಪಕ್ಕ ಕೂತು ತನ್ನ ಮಗನಿಗೆ ತಾನು ಅಳುತ್ತಾ, ಡಬ್ಬಗಳಿಗೆ ಅಳುವ ನನ್ನನ್ನು ಓರೆಗಣ್ಣಲ್ಲಿ ನೋಡುತ್ತಾ, ಪಾಪ ಅಂದುಕೊಳ್ಳುತ್ತಾ, ತನ್ನ ಮಣ್ಣನ್ನು ಸವರುತ್ತಾ, ಈಗ ಅದರಲ್ಲೇ ಒಂದು ಮೂಲೆ ನನಗೆ ಭಿಕ್ಷೆ ಹಾಕುತ್ತಿದ್ದಾಳೆ. ನನ್ನ ಒಳಗೆ ಏನೋ ತಣ್ಣಗಾಯಿತು, ಬಹಳ ತಣ್ಣಗೆ, ಚೊಕ್ಕಟವಾಗಿ, ಕ್ಯಾಪ್ಟನ್ನನ ಕಡೆ ತಿರುಗಿ ಹೇಳಿದೆ, ಅದರಲ್ಲೂ ಇದೆ ಮಗಾ. ಯಾವುದರಲ್ಲಿ ತಾಯೀ. ಪಕ್ಕದ್ದರಲ್ಲಿ, ಜವಾದನದು, ನನ್ನ ಕಣ್ಣಾರೆ ನೋಡಿದೀನಿ ತುಂಬಿದ್ದು, ಈ ಡಬ್ಬಗಳಿಗಿಂತ ದೊಡ್ಡವು, ಮಣ್ಣು ಮುಚ್ಚಿದಾರೆ ಅಷ್ಟೆ. ನಾನು ಜವಾದನ ಮುಖ ನೋಡಿದ್ದೆ, ಹತ್ತಿ ನೋಡಿದ್ದೆ, ಅವನನ್ನು ಇಳಿಸುವಾಗ ಅಂಚಿನಲ್ಲಿ ನಿಂತಿದ್ದೆ, ಅವನು ಅಲ್ಲೇ ಇದ್ದಾನೆ ಎಂದು ನನಗೆ ನನ್ನ ಹೆಸರಿನಷ್ಟೇ ಖಚಿತವಾಗಿ ಗೊತ್ತಿತ್ತು, ಆದರೂ ಮಾತು ಎಷ್ಟು ಸಲೀಸಾಗಿ ಬಂತು.

ಸಮೀಹಾಳ ಕೈ ನನ್ನ ಭುಜದ ಮೇಲೇ ಇತ್ತು, ಸುಳ್ಳು, ಅಂದಳು, ಸುಳ್ಳು ಸಾಹೇಬ್ರೇ, ಅವಳಿಗೆ ತಲೆ ಕೆಟ್ಟಿದೆ, ಅಲ್ಲಿರೋದು ನನ್ನ ಮಗ, ಹಣೆಗೆ ಮುತ್ತು ಕೊಟ್ಟಿದೀನಿ, ಹೇಳೇ, ಬಾಕಿರನಮ್ಮಾ, ಹೇಳೇ ಅವರಿಗೆ, ನಿನ್ನ ಕಾಲಿಗೆ ಬೀಳ್ತೀನಿ — ಬಿದ್ದಳು ಕೂಡ — ಕ್ಯಾಪ್ಟನ್ ಅವಳನ್ನು ನೋಡಿದ, ಅವನ ಕಣ್ಣಲ್ಲಿ ನಾನು ಗೇಟಿನಲ್ಲಿ ನಿಂತು ಆಡಿದ ಮಾತೇ ಓಡುತ್ತಿತ್ತು, ಇದನ್ನೇ ಈಗ ತಾನೇ ಇನ್ನೊಬ್ಬಳು ಹೇಳಿರಲಿಲ್ಲವೇ, ಅಳುವ ಹೆಂಗಸರನ್ನು ನಂಬುವ ಕಾಲ ಅವನಿಗೆ ಆಗಲೇ ಮುಗಿದಿತ್ತು. ಹಾಜಿ ನಯೀಮ್ ಒಂದು ಮಾತು ಹೇಳಿದ್ದರೆ ಸಾಕಿತ್ತು, ಯಾವ ಗೋರಿಯಲ್ಲಿ ಏನಿದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು, ನಾನು ಅವನ ಕಡೆ ನೋಡಿದೆ, ಅವನೂ ನನ್ನ ಕಡೆ ನೋಡಿದ, ಅರ್ಥವಾಯಿತು ಅವನಿಗೆ, ಕಾರಿನ ಬಾಗಿಲು ಮುಚ್ಚಿ ವಾಪಸು ಬಂದ, ಜೇಬಿನಿಂದ ಮೊಬೈಲು ತೆಗೆದು ಎತ್ತರಕ್ಕೆ ಹಿಡಿದ, ಚಿತ್ರ ತೆಗೆಯತೊಡಗಿದ, ಬಾಯಿ ಮಾತ್ರ ತೆರೆಯಲಿಲ್ಲ. ಸಮೀಹಾಳನ್ನು ನಾಲ್ಕು ಜನ ಹಿಡಿದರು. ಇಲ್ಲಿ ಚಪ್ಪಡಿಯಿಲ್ಲ, ಸರಪಳಿಯ ಗೊಡವೆಯಿಲ್ಲ, ಬರೀ ಮಣ್ಣು, ಯಂತ್ರದ ಬಕೆಟ್ಟು ಕಾಮಕಸ್ತೂರಿ ಗಿಡದ ಸಮೇತ ಒಂದು ಬಾರಿ ಎತ್ತಿ ಪಕ್ಕಕ್ಕೆ ಸುರಿಯಿತು, ಇನ್ನೊಂದು ಬಾರಿ, ಮತ್ತೊಂದು, ಬಾಂಬು ನೋಡುವ ಸೈನಿಕ ನಿಲ್ಸು ನಿಲ್ಸು ಎಂದು ಕೈ ಬೀಸುವ ಹೊತ್ತಿಗೆ ತಡವಾಗಿತ್ತು, ಬಕೆಟ್ಟಿನ ಹಲ್ಲಿಗೆ ಒಂದು ಬೂಟು ಸಿಕ್ಕಿ ಹರಿದು ಬಾಯಿ ಬಿಟ್ಟಿತ್ತು, ಅದರೊಳಗಿಂದ ಒಂದು ಕಾಲ್ಚೀಲ ಜಾರಿ ಜೋತುಬಿತ್ತು, ನೀಲಿ ಕಾಲ್ಚೀಲ, ಹುತಾತ್ಮರಿಗೆ ಹೆಣಬಟ್ಟೆಯಿಲ್ಲವಲ್ಲ, ಸತ್ತಾಗ ತೊಟ್ಟ ಬಟ್ಟೆಯಲ್ಲೇ ಹೂಳುತ್ತಾರಲ್ಲ, ನೈಲಾನು, ಬಣ್ಣ ಹೋಗಿಲ್ಲ, ಮೇಲೆ ಬಿಳಿ ಪಟ್ಟಿ, ಜವಾದ್ ಚೆಂಡಾಟಕ್ಕೆ ಹಾಕುತ್ತಿದ್ದದ್ದು, ಅದರ ಬೆರಳಿನ ಕಡೆ ಕಾಳು ತುಂಬಿದ ಚೀಲದಂತೆ ಭಾರವಾಗಿ ಏನೋ ಜಗ್ಗುತ್ತಿತ್ತು, ತೂಗುತ್ತಿತ್ತು.

ಯಂತ್ರ ನಿಂತಿತು. ಕ್ಯಾಪ್ಟನ್ ಟೋಪಿ ತೆಗೆದ, ಸೆಲ್ಯೂಟ್ ಹೊಡೆಯಲು ಎತ್ತಿದ ಕೈ ಅರ್ಧಕ್ಕೇ ನಿಂತಿತು, ನನ್ನ ಕಡೆ ತಿರುಗಿದ, ಯಾಕೆ ತಾಯೀ, ಎಂದ, ಅಷ್ಟೇ, ಬೈಯಲಿಲ್ಲ, ಯಾಕೆ. ಹಾಜಿ ನಯೀಮ್ ಮೊಬೈಲಿಗೆ ಹೇಳುತ್ತಿದ್ದಾನೆ, ನೋಡಿ, ಎಲ್ಲರೂ ನೋಡಿ, ಇದು ನಿಮ್ಮ ಸರ್ಕಾರ, ಇದು ನಮ್ಮ ಹುತಾತ್ಮನ ಕಾಲು, ನಾಳೆ ನಿಮ್ಮೂರಿಗೂ ಬರ್ತಾರೆ, ದಾರಿ ಕಟ್ಟಿ, ಮನೆಯಿಂದ ಹೊರಗೆ ಬನ್ನಿ — ದನಿಗೆ ಹಳೆಯ ಜೋರು ಬಂದಿದೆ, ಬೆನ್ನು ನೆಟ್ಟಗಾಗಿದೆ, ಕಳೆದ ಚಳಿಗಾಲದಿಂದ ಅವನು ಹೀಗೆ ನಿಂತದ್ದನ್ನು ನಾನು ನೋಡಿರಲಿಲ್ಲ, ಒಂದು ಗೋರಿಯ ಬಂದೂಕು ಕಳೆದುಕೊಂಡು ಇನ್ನೊಂದು ಗೋರಿಯಿಂದ ಊರೂರನ್ನೇ ವಾಪಸು ತೆಗೆದುಕೊಂಡ, ಕೊಟ್ಟವಳು ನಾನು. ಸೈನಿಕರು ಹಿಂದೆ ಹಿಂದೆ ಸರಿಯುತ್ತಿದ್ದಾರೆ, ಹೆಂಗಸರು ಈಗ ಕೂಗುತ್ತಿಲ್ಲ, ಬರೀ ನನ್ನನ್ನು ನೋಡುತ್ತಿದ್ದಾರೆ, ನೋಡಲಿ, ಹಿಡಿದವರ ಕೈ ಸಡಿಲಾಗಿ ಸಮೀಹಾ ಗುಂಡಿಗೆ ಇಳಿದಿದ್ದಾಳೆ, ಮೊಣಕಾಲವರೆಗೆ ಮಣ್ಣು, ಬಕೆಟ್ಟಿನ ಹಲ್ಲಿನಿಂದ ಕಾಲ್ಚೀಲವನ್ನು ಬಿಡಿಸುತ್ತಿದ್ದಾಳೆ, ಎಳೆ ಹರಿಯದಂತೆ, ಮೆತ್ತಗೆ, ಒದ್ದೆ ಕಾಲ್ಚೀಲದಲ್ಲೇ ಮಲಗಿದ್ಯೇನೋ, ಎಷ್ಟು ಸಲ ಹೇಳಿಲ್ಲ ನಿಂಗೆ, ಶೀತ ಆಗುತ್ತೆ ಅಂತ, ಬೈಯುತ್ತಿದ್ದಾಳೆ, ಮಗನನ್ನು ಬೈಯುತ್ತಿದ್ದಾಳೆ, ನನಗೊಂದು ಬೈಗುಳ ಇಲ್ಲ, ನಾನು ಇದ್ದೇನೆ ಎಂಬುದೇ ಅವಳಿಗೆ ಮರೆತಿದೆ, ನಾನು ಗುಂಡಿಯ ಅಂಚಿಗೆ ಬಂದಿದ್ದೇನೆ, ಯಾರೂ ತಡೆಯುತ್ತಿಲ್ಲ, ಅಯ್ಯೋ ಎಂದು ಬೀಳಬೇಕು ನಾನು, ಎದೆ ಬಡಿದುಕೊಳ್ಳಬೇಕು, ಅದು ಬರುತ್ತಿಲ್ಲ, ಬರುತ್ತಿರುವುದು ಬೇರೆ, ಬಾಯಲ್ಲಿ ನೀರು ಬರುವಂಥ ಆಸೆ, ಅವಳಿಗೆ ಸಿಕ್ಕಿತು, ನನ್ನ ಸುಳ್ಳಿನಿಂದ ಅವಳಿಗೆ ಸಿಕ್ಕಿತು, ಮುಟ್ಟಲು ಸಿಕ್ಕಿತು, ಮಡಿಲಿಗೆ ಹಾಕಿಕೊಂಡಿದ್ದಾಳೆ, ಉದುರಿದ ಸಣ್ಣ ಸಣ್ಣ ಮೂಳೆ ಹೆಕ್ಕಿ ಒಳಗೆ ಹಾಕುತ್ತಿದ್ದಾಳೆ, ನೀಲಿ ಕಾಲ್ಚೀಲ, ಒಂದು ಕೊಡೇ ಸಮೀಹಾ, ಇನ್ನೊಂದು ಕಾಲು ಇರುತ್ತದಲ್ಲ, ನಿನಗೆ ಎರಡಿವೆ, ನೀಲಿ ಕಾಲ್ಚೀಲ, ಬಿಳಿ ಪಟ್ಟಿಯನ್ನು ಮೇಲಕ್ಕೆ ಎಳೆಯುತ್ತಿದ್ದಾಳೆ, ಸ್ಕೂಲಿಗೆ ಹೊರಟ ಮಗುವಿಗೆ ಎಳೆದ ಹಾಗೆ, ಹಿಮ್ಮಡಿ ಓರೆಯಾಗಿದೆ, ತಿರುಗಿಸುತ್ತಿದ್ದಾಳೆ, ಸರಿಮಾಡುತ್ತಿದ್ದಾಳೆ, ಹಿಮ್ಮಡಿ, ನೀಲಿ, ಸರಿಮಾಡುತ್ತಿದ್ದಾಳೆ —